ಜಾನ್ ಚಾರ್ನ್ಲಿ

ಸರ್ ಜಾನ್ ಚಾರ್ನ್ಲಿ (29 ಆಗಸ್ಟ್ 1911 – 5 ಆಗಸ್ಟ್ 1982) ಇಂಗ್ಲೆಂಡಿನ ಪ್ರಸಿದ್ಧ ಮೂಳೆ ಶಸ್ತ್ರವೈದ್ಯರು. ಸವೆದ ಸೊಂಟದ ಕೀಲಿಗೆ ಬದಲಾಗಿ ಕೃತಕ ಕೀಲನ್ನು ಜೋಡಿಸುವ ಆಧುನಿಕ ಚಿಕಿತ್ಸೆಯ ಪ್ರವರ್ತಕರೆಂದು ಇವರನ್ನು ಪರಿಗಣಿಸಲಾಗಿದೆ. ಕೃತಕ ಕೀಲಿಗೆ ತಗಲುವ ಸೋಂಕನ್ನು ತಡೆಗಟ್ಟುವಲ್ಲಿಯೂ ಇವರ ಕೊಡುಗೆ ಮಹತ್ತರವಾದುದು.

ಜನನ ಮತ್ತು ವೃತ್ತಿಜೀವನ

ಚಾರ್ನ್ಲಿಯವರು ಲ್ಯಾಂಕಾಷೈರಿನ ಬರಿ ಪಟ್ಟಣದಲ್ಲಿ ಜನಿಸಿದರು. ತಂದೆ ಔಷಧ ವ್ಯಾಪಾರಿ. ತಾಯಿ ದಾದಿಯ ತರಬೇತಿ ಪಡೆದವರು. ಮ್ಯಾಂಚೆಸ್ಟರಿನಲ್ಲಿ ಓದಿ 1935ರಲ್ಲಿ ವೈದ್ಯ ಪದವಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಸೇವೆ ಸಲ್ಲಿಸಿದರು. ಮುಂದೆ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸೊಂಟದ ಕೀಲಿನ ಚಿಕಿತ್ಸಾ ಕೇಂದ್ರವನ್ನು ಕಟ್ಟಿ ಬೆಳೆಸಿದರು.

ಕೃತಕ ಕೀಲಿನ ಪ್ರಯೋಗಗಳು

ಇವರ ವಿನ್ಯಾಸದಲ್ಲಿ ತೊಡೆಮೂಳೆಯ ತಲೆಯ ಜಾಗಕ್ಕೆ ಲೋಹದ ಸಣ್ಣ ಗುಂಡು, ಅದು ತಿರುಗುವ ಬಟ್ಟಲಿಗೆ ಟೆಫ್ಲಾನ್, ಮೂಳೆಗೆ ಕೂರಿಸಲು ಅಕ್ರಿಲಿಕ್ ಸಿಮೆಂಟ್ ಬಳಕೆಯಾದವು. ಮೊದಲು ನೋವಿಲ್ಲದೆ ನಡೆದಾಡಿದ ರೋಗಿಗಳಿಗೆ ಕೆಲವೇ ವರ್ಷಗಳಲ್ಲಿ ತೊಂದರೆ ಮರುಕಳಿಸಿತು. ಟೆಫ್ಲಾನ್ ಸವೆದು, ಅದರ ಪುಡಿಯಿಂದ ಸುತ್ತಲಿನ ಅಂಗಾಂಶ ಕೆಟ್ಟು ಕೀಲುಗಳು ಸಡಿಲಗೊಂಡವು. ಚಾರ್ನ್ಲಿಯವರು ಈ ಸೋಲನ್ನು ಮರೆಮಾಚದೆ, ಆ ರೋಗಿಗಳಿಗೆ ಮರುಶಸ್ತ್ರಚಿಕಿತ್ಸೆ ನಡೆಸಿದರು. 1962ರಲ್ಲಿ ಗಟ್ಟಿ ಪಾಲಿಥಿಲೀನ್ ಬಳಸತೊಡಗಿದರು. ಎರಡೂ ವಸ್ತುಗಳ ಪುಡಿಯನ್ನು ತಮ್ಮ ತೊಡೆಯೊಳಗೇ ಇರಿಸಿಕೊಂಡು ಪರೀಕ್ಷಿಸಿದರು. ಟೆಫ್ಲಾನ್ ಇಟ್ಟ ಕಡೆ ಗಂಟು ಕಟ್ಟಿತು.

ಸೋಂಕಿನ ವಿರುದ್ಧ ಹೋರಾಟ

ಆರಂಭದಲ್ಲಿ ಇವರ ರೋಗಿಗಳಲ್ಲಿ ಶೇಕಡಾ 7ರಷ್ಟು ಮಂದಿಗೆ ಸೋಂಕು ತಗಲುತ್ತಿತ್ತು. ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯಲ್ಲಿರುವ ರೋಗಾಣುಗಳೇ ಇದಕ್ಕೆ ಮುಖ್ಯ ಕಾರಣವೆಂದು ಇವರು ಭಾವಿಸಿದರು. ಶೋಧಿಸಿದ ಗಾಳಿ ಹರಿಯುವ ಪ್ರತ್ಯೇಕ ಆವರಣವನ್ನೂ, ವೈದ್ಯರ ಉಸಿರು ಹೊರಗೆ ಸೋರದ ಪೂರ್ಣ ಉಡುಪನ್ನೂ ರೂಪಿಸಿದರು. 1970ರ ವೇಳೆಗೆ ಸೋಂಕಿನ ಪ್ರಮಾಣ ಶೇಕಡಾ 1ಕ್ಕಿಂತ ಕೆಳಗಿಳಿಯಿತು.

ಇಂದಿನ ಪ್ರಸ್ತುತತೆ

ಕೃತಕ ಕೀಲು ಸಡಿಲಗೊಳ್ಳಲು ಸವೆತವೂ ಕಾರಣವಾಗಬಹುದು, ಸೋಂಕೂ ಕಾರಣವಾಗಬಹುದು. ನೋವು ಎರಡರಲ್ಲೂ ಒಂದೇ ಬಗೆಯದು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಸವೆತವಾದರೆ ಒಡನೆಯೇ ಹೊಸ ಕೀಲನ್ನು ಕೂರಿಸಬಹುದು. ಸೋಂಕಿದ್ದರೆ ಹಲವು ವೇಳೆ ಹಳೆಯದನ್ನು ತೆಗೆದು, ಪ್ರತಿಜೀವಕ ಔಷಧ ನೀಡಿ, ವಾರಗಳು ಅಥವಾ ತಿಂಗಳುಗಳ ಬಳಿಕ ಹೊಸದನ್ನು ಜೋಡಿಸಬೇಕಾಗುತ್ತದೆ. ರೋಗಾಣುಗಳನ್ನು ಬೆಳೆಸಿ ಗುರುತಿಸಲು ದಿನಗಳು ಬೇಕಾಗುವುದರಿಂದ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅಂಗಾಂಶದ ಚೂರನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವಿದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚಾಗಿದ್ದರೆ ಸೋಂಕಿನ ಶಂಕೆ ಬಲಗೊಳ್ಳುತ್ತದೆ. ಚಾರ್ನ್ಲಿಯವರು ಎದುರಿಸಿದ ಸವೆತ, ಸೋಂಕುಗಳೆಂಬ ಎರಡು ತೊಡಕುಗಳನ್ನು ಬೇರ್ಪಡಿಸಿ ತಿಳಿಯುವುದೇ ಈ ಪರೀಕ್ಷೆಯ ಉದ್ದೇಶ.

ಗೌರವಗಳು

1974ರಲ್ಲಿ ಲ್ಯಾಸ್ಕರ್ ಪ್ರಶಸ್ತಿ, 1975ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1977ರಲ್ಲಿ ಸರ್ ಪದವಿ ಇವರಿಗೆ ಸಂದವು.