ಕಿವುಡ ಮಕ್ಕಳ ಉಪಾಧ್ಯಾಯ ಅಲೆಗ್ಸಾಂಡರ್ ಗ್ರಹಾಂ ಬೆಲ್

ಟೆಲಿಫೋನನ್ನು ಕಂಡುಹಿಡಿದವರಾರೆಂದು ಕೇಳಿದರೆ ನಮ್ಮ ಶಾಲೆಯ ಅತಿ ಕೆಳಗಿನ ತರಗತಿಯ ಹುಡುಗಿಯೂ ತಡವರಿಸದೆ ಗ್ರಹಾಂ ಬೆಲ್ ಎಂದು ಉತ್ತರ ಕೊಡುವಳು. ಆದರೆ ಈ ಮಹಾಶಯನು ಯಂತ್ರನಿರ್ಮಾಪಕನೆನ್ನಿಸಿಕೊಳ್ಳುವುದಕ್ಕಿಂತಲೂ ಕಿವುಡರ ಉಪಾಧ್ಯಾಯನೆನ್ನಿಸಿಕೊಳ್ಳುವುದರಲ್ಲಿಯೇ ಹೆಚ್ಚು ಸಂತೋಷಪಡುತ್ತಿದ್ದನೆಂಬುದೂ, ಕಿವಿ ಕೇಳದ ಮಕ್ಕಳನ್ನು ಹೆತ್ತು ದಿಕ್ಕು ತೋರದೆ ನಿಂತ ತಂದೆತಾಯಿಗಳು ಆತನ ಬಾಗಿಲನ್ನು ಹುಡುಕಿಕೊಂಡು ಬರುತ್ತಿದ್ದರೆಂಬುದೂ ನಮ್ಮ ಪಾಠಪುಸ್ತಕಗಳಲ್ಲಿ ಅಷ್ಟಾಗಿ ಕಾಣಬರುವುದಿಲ್ಲ.

ಈ ಸಂಚಿಕೆಗೆ ಯಾರ ಚರಿತ್ರೆಯನ್ನು ಬರೆಯೋಣವೆಂದು ನಾವು ಆಲೋಚಿಸುತ್ತಿದ್ದ ದಿನಗಳಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಎರಡು ವರ್ಷದ ಮಗುವನ್ನೆತ್ತಿಕೊಂಡು ನಮ್ಮ ಕೊಠಡಿಗೆ ಬಂದಳು. ಮಗುವಿಗೆ ಕಿವಿ ಕೇಳಿಸುವುದಿಲ್ಲವೆಂದು ವೈದ್ಯರು ತಿಳಿಸಿದ್ದರು. ಮುಂದೆ ಮಾಡತಕ್ಕದ್ದೇನೆಂದು ಮಾತ್ರ ಆಕೆಗೆ ಯಾರೂ ತಿಳಿಸಿರಲಿಲ್ಲ. ಆ ಮನೆತನದಲ್ಲಿ ಮಾತು ತಡವಾಗಿ ಬರುವುದೇ ವಾಡಿಕೆ, ಇನ್ನೂ ಕೆಲವು ಕಾಲ ಕಾದು ನೋಡೆಂದು ನೆರೆಹೊರೆಯವರು ಸಮಾಧಾನ ಹೇಳುತ್ತಿದ್ದರಂತೆ. ಎಲ್ಲಿಗೆ ಹೋಗಲಿ, ಯಾರನ್ನು ಕೇಳಲಿ ಎಂಬ ಆಕೆಯ ಪ್ರಶ್ನೆಗೆ ಆ ಕ್ಷಣದಲ್ಲಿ ನಾವೂ ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಆಕೆ ಹೊರಟುಹೋದ ಮೇಲೆ ನಮಗೆ ಬೆಲ್ ಮಹಾಶಯನ ನೆನಪಾಯಿತು.

ಆತನು 1847ನೆಯ ಇಸವಿ ಮಾರ್ಚಿ 3ನೆಯ ತಾರೀಖು ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಜನಿಸಿದನು. ತಂದೆಯಾದ ಮೆಲ್ವಿಲ್ ಬೆಲ್ ಎಂಬವನು ಉಚ್ಚಾರಣೆಯನ್ನು ಕಲಿಸುವುದರಲ್ಲಿ ಹೆಸರಾದ ಪಂಡಿತನು. ನಾಲಗೆ, ತುಟಿ, ಗಂಟಲುಗಳು ಪ್ರತಿಯೊಂದು ಧ್ವನಿಯನ್ನು ಹೇಗೆ ಹೊರಡಿಸುವುವೆಂಬುದನ್ನು ಚಿಹ್ನೆಗಳಿಂದ ತೋರಿಸುವ ಒಂದು ಲಿಪಿಯನ್ನು ಆತನು ರಚಿಸಿದ್ದನು. ತಾಯಿಯಾದ ಎಲೈಜಾ ಚಿತ್ರ ಬರೆಯುವುದರಲ್ಲಿಯೂ ಪಿಯಾನೋ ನುಡಿಸುವುದರಲ್ಲಿಯೂ ನಿಪುಣೆ. ಮಕ್ಕಳಿಗೆ ಮನೆಯಲ್ಲಿ ಮೊದಲ ಪಾಠಗಳನ್ನು ಹೇಳಿಕೊಟ್ಟವಳೂ ಆಕೆಯೇ. ಆದರೆ ಆಕೆಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಇತರರು ಆಕೆಯ ಕಿವಿಗೊಳವೆಯಲ್ಲಿ ಗಟ್ಟಿಯಾಗಿ ಕೂಗಿ ಮಾತನಾಡುತ್ತಿದ್ದರು. ಈ ಹುಡುಗನಾದರೋ ತಾಯಿಯ ಹಣೆಯ ಬಳಿಗೆ ಬಾಯಿಯನ್ನು ತಂದು ತಗ್ಗಿದ ಗಂಭೀರ ಧ್ವನಿಯಲ್ಲಿ ಮಾತನಾಡಿದರೆ ಆಕೆಗೆ ತಿಳಿಯುವುದೆಂದು ಕಂಡುಕೊಂಡನು. ಬೆರಳುಗಳಿಂದ ಅಕ್ಷರಗಳನ್ನು ತೋರಿಸುವ ಕ್ರಮವನ್ನೂ ಕಲಿತು, ಮನೆಗೆ ನೆಂಟರಿಷ್ಟರು ಬಂದು ಕುಳಿತಾಗ ತಾಯಿಯ ಪಕ್ಕದಲ್ಲಿಯೇ ಕುಳಿತು ಅವರ ಸಂಭಾಷಣೆಯನ್ನೆಲ್ಲಾ ಆಕೆಗೆ ಬೆರಳಿನಿಂದ ತಿಳಿಸುತ್ತಿದ್ದನು. ಈ ಬೆರಳಿನ ಸಂಗತಿಯನ್ನು ವಾಚಕರು ಮರೆಯದಿರಬೇಕು.

1868ರಲ್ಲಿ ಲಂಡನ್ ಪಟ್ಟಣದ ಒಂದು ಚಿಕ್ಕ ಶಾಲೆಯಲ್ಲಿ ಬೆಲ್ ಮಹಾಶಯನು ತಂದೆಯ ಲಿಪಿಯ ಸಹಾಯದಿಂದ ಕಿವುಡ ಮಕ್ಕಳಿಗೆ ಮಾತು ಕಲಿಸಲಾರಂಭಿಸಿದನು. ಅಷ್ಟರಲ್ಲಿ ಕ್ಷಯರೋಗವು ಆ ಕುಟುಂಬವನ್ನು ಹೊಕ್ಕಿತು. 1867ರಲ್ಲಿ ತಮ್ಮನೂ 1870ರಲ್ಲಿ ಅಣ್ಣನೂ ತೀರಿಹೋದರು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆತಾಯಿಗಳು ಅದೇ ವರ್ಷ ಸಮುದ್ರ ದಾಟಿ ಕೆನಡಾ ದೇಶದ ಬ್ರಾಂಟ್‌ಫರ್ಡ್ ಎಂಬಲ್ಲಿ ನೆಲಸಿದರು. 1871ರಲ್ಲಿ ಬಾಸ್ಟನ್ ನಗರದ ಕಿವುಡರ ಶಾಲೆಯಿಂದ ಕರೆ ಬಂದುದರಿಂದ ಆತನು ಅಲ್ಲಿಗೆ ಹೋದನು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ, ಬಾಸ್ಟನ್ನಿನ ಸಮೀಪದಲ್ಲಿದ್ದ ಇನ್ನೊಂದು ಮನೆಯ ಸಂಗತಿಯನ್ನು ಹೇಳಬೇಕಾಗಿದೆ. ಗಾರ್ಡಿನರ್ ಹಬ್ಬರ್ಡ್ ಎಂಬ ವಕೀಲನ ಮಗಳು ಮೇಬಲ್ ಐದು ವರ್ಷದವಳಾಗಿದ್ದಾಗ ಸ್ಕಾರ್ಲೆಟ್ ಜ್ವರದಿಂದ ಕಿವಿ ಕಳೆದುಕೊಂಡಳು. ತಂದೆತಾಯಿಗಳು ಸಹಾಯಕ್ಕಾಗಿ ಎಲ್ಲೆಡೆಯಲ್ಲಿಯೂ ವಿಚಾರಿಸಿದರು. ಅವರ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಅಂಥ ಮಕ್ಕಳಿಗೆ ಶಾಲೆಯೇ ಇರಲಿಲ್ಲ. ನೆರೆಯ ಸಂಸ್ಥಾನದ ಹಾರ್ಟ್‌ಫರ್ಡ್ ಶಾಲೆಯಲ್ಲಿ ಹತ್ತು ವರ್ಷವಾಗುವವರೆಗೆ ಸೇರಿಸಿಕೊಳ್ಳುವಂತಿರಲಿಲ್ಲ. ಅಷ್ಟರಲ್ಲಿ ಬಂದ ಮಾತೂ ಮರೆತುಹೋಗುವುದೆಂದು ಬಲ್ಲವರು ಹೇಳಿದರು. ಒಬ್ಬ ಡಾಕ್ಟರ್ ಹೋವ್ ಮಾತ್ರ, ಮಗುವಿನೊಡನೆ ಮಾತನಾಡುವುದನ್ನು ನಿಲ್ಲಿಸಬೇಡಿರೆಂದು ಬುದ್ಧಿ ಹೇಳಿದನು. ತಾಯಿಯು ಪಟ್ಟುಹಿಡಿದು ಮಾತನಾಡಿಸಿದಳು. ಕಿವುಡರಿಗೆ ಕಲಿಸುವ ಶಿಕ್ಷಣವನ್ನೇ ಪಡೆಯದ ಮೇರಿ ಟ್ರೂ ಎಂಬ ತರುಣಿಯು ಮನೆಪಾಠಕ್ಕೆ ಬಂದು ತಾನೂ ಕಲಿಯುತ್ತಾ ಮಗುವಿಗೂ ಕಲಿಸಿದಳು. ತಂದೆಯು ಅಷ್ಟಕ್ಕೆ ಸುಮ್ಮನಾಗದೆ ಇತರರ ಮಕ್ಕಳಿಗಾಗಿಯೂ ಶಾಲೆಯೊಂದು ಬೇಕೆಂದು ಸರಕಾರದ ಮುಂದೆ ಹೋರಾಡಿದನು. 1867ರಲ್ಲಿ ಒಂಬತ್ತು ವರ್ಷದ ಮೇಬಲ್ ಶಾಸನಸಭೆಯ ಸಮಿತಿಯ ಮುಂದೆ ನಿಂತು, ಕೇಳಿದವರ ತುಟಿಗಳನ್ನು ನೋಡಿ ತಿಳಿದು, ಬಾಯಿಂದಲೇ ಉತ್ತರಗಳನ್ನು ಹೇಳಿದಳು. ಜಾನ್ ಕ್ಲಾರ್ಕ್ ಎಂಬ ಧನಿಕನು 50,000 ಡಾಲರುಗಳನ್ನು ದಾನಮಾಡಿದನು. ಅದೇ ವರ್ಷ ನಾರ್ಥಾಂಪ್ಟನ್ ಊರಿನಲ್ಲಿ ಕ್ಲಾರ್ಕ್ ಶಾಲೆಯು ತೆರೆಯಲ್ಪಟ್ಟಿತು. ಮೇಲಿನಿಂದ ಸಹಾಯ ಇಳಿದುಬರಲೆಂದು ಈ ಮನೆಯವರು ಕಾದು ಕುಳಿತಿರಲಿಲ್ಲವೆಂಬುದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಈ ಮೇಬಲ್ ಹದಿನೈದು ಹದಿನಾರರ ಪ್ರಾಯದಲ್ಲಿ, 1873ರಲ್ಲಿ, ಉಚ್ಚಾರಣೆಯನ್ನು ತಿದ್ದಿಕೊಳ್ಳುವುದಕ್ಕಾಗಿ ಬೆಲ್ ಮಹಾಶಯನ ಶಿಷ್ಯೆಯಾದಳು. ಅದೇ ಕಾಲದಲ್ಲಿ ಥಾಮಸ್ ಸ್ಯಾಂಡರ್ಸ್ ಎಂಬ ತೊಗಲಿನ ವ್ಯಾಪಾರಿಯು ಹುಟ್ಟುಕಿವುಡನಾದ ತನ್ನ ಪುಟ್ಟ ಮಗ ಜಾರ್ಜಿಯನ್ನು ಆತನ ಕೈಗೊಪ್ಪಿಸಿದ್ದನು. ಸೇಲಂ ಊರಿನಲ್ಲಿ ಆ ಮಗುವಿನ ಅಜ್ಜಿಯ ಮನೆಯಲ್ಲಿಯೇ ಊಟ ವಸತಿಗಳನ್ನು ಪಡೆದು ಆತನು ಪಾಠ ಹೇಳುತ್ತಿದ್ದನು. ಒಂದು ಕೈಚೀಲದ ಬೆರಳುಗಳ ಮೇಲೂ ಅಂಗೈ ಮೇಲೂ ಅಕ್ಷರಗಳನ್ನು ಬರೆದು, ಅವನ್ನು ಮುಟ್ಟಿ ತೋರಿಸಿ, ಮಗುವು ಶಬ್ದಗಳನ್ನು ಕೂಡಿಸುವಂತೆ ಮಾಡಿದನು. ಹಗಲೆಲ್ಲಾ ಪಾಠ, ರಾತ್ರಿಯೆಲ್ಲಾ ಅದೇ ಮನೆಯಲ್ಲಿ ವಿದ್ಯುತ್ತಂತಿಗಳ ಪ್ರಯೋಗ. 1874ರಲ್ಲಿ, ಕಿವುಡ ಮಕ್ಕಳಿಗೆ ಧ್ವನಿಯ ಆಕಾರವನ್ನು ಕಣ್ಣಿಗೆ ತೋರಿಸಬೇಕೆಂಬ ಆಶೆಯಿಂದ, ಮೃತನೊಬ್ಬನ ಕಿವಿಯನ್ನು ವೈದ್ಯಮಿತ್ರನಿಂದ ಪಡೆದು, ತಮಟೆಯಂತಿರುವ ಅದರ ತೆಳುವಾದ ಪೊರೆಯು ಧ್ವನಿಗೆ ಅಲುಗಿ ಮಸಿ ಬಳಿದ ಗಾಜಿನ ಮೇಲೆ ಗೆರೆ ಎಳೆಯುವಂತೆ ಮಾಡಿದನು. ಇಷ್ಟು ತೆಳುವಾದ ಪೊರೆಯು ಅಷ್ಟು ಭಾರವಾದ ಎಲುಬುಗಳನ್ನು ಅಲುಗಿಸುವುದಾದರೆ, ಅಂಥದೇ ಪೊರೆಯು ಕಬ್ಬಿಣದ ತಗಡನ್ನೇಕೆ ಅಲುಗಿಸಬಾರದೆಂದು ಹೊಳೆದದ್ದೇ ಟೆಲಿಫೋನಿನ ಮೂಲವು. ಪ್ರಯೋಗಗಳಿಗೆ ಹಣ ಕೊಟ್ಟವರು ಹಬ್ಬರ್ಡ್ ಮತ್ತು ಸ್ಯಾಂಡರ್ಸ್, ಅಂದರೆ ಕಿವುಡ ಮಕ್ಕಳ ಇಬ್ಬರು ತಂದೆಗಳು! ಹಬ್ಬರ್ಡನಾದರೋ ಪಾಠ ಹೇಳುವುದನ್ನು ಬಿಟ್ಟು ತಂತಿಯ ಕೆಲಸವನ್ನೇ ಹಿಡಿಯಬೇಕೆಂದು ಒತ್ತಾಯಪಡಿಸಿದನು. ಬೆಲ್ ಮಹಾಶಯನು ಅದಕ್ಕೊಪ್ಪಲಿಲ್ಲ.

1876ನೆಯ ಮಾರ್ಚಿ 7ರಲ್ಲಿ ಪೇಟೆಂಟು ದೊರಕಿತು. ಮೂರು ದಿನಗಳ ಮೇಲೆ ತಂತಿಯು ಸ್ಪಷ್ಟವಾಗಿ ಮಾತನಾಡಿತು. ಆ ಕಥೆಯು ಎಲ್ಲರಿಗೂ ತಿಳಿದುದೇ. 1877ನೆಯ ಜುಲೈ 11ರಲ್ಲಿ ಮೇಬಲಳನ್ನು ವಿವಾಹವಾದನು. ಕಂಪೆನಿಯಲ್ಲಿ ತನಗಿದ್ದ ಪಾಲುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಮಿಕ್ಕುದೆಲ್ಲವನ್ನೂ ಆಕೆಗೆ ಕೊಟ್ಟುಬಿಟ್ಟನು.

ಐಶ್ವರ್ಯವೂ ಕೀರ್ತಿಯೂ ಬಂದ ಮೇಲೆ ಶಾಲೆಯನ್ನು ಮರೆಯುವವರು ಬಹುಮಂದಿ. ಈತನು ಮರೆಯಲಿಲ್ಲ. 1878ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್ ಎಂಬಲ್ಲಿ ಕಿವುಡ ಮಕ್ಕಳಿಗಾಗಿ ಒಂದು ಚಿಕ್ಕ ಹಗಲುಶಾಲೆ ಆರಂಭವಾದಾಗ, ಉಪಾಧ್ಯಾಯಿನಿಯು ಬಂದು ಸೇರುವವರೆಗೆ ತಾನೇ ನಿಂತು ಪಾಠ ಹೇಳಿದನು. ಮಕ್ಕಳನ್ನು ಮನೆಯಿಂದ ಅಗಲಿಸಿ ವರ್ಷಗಟ್ಟಲೆ ದೂರದ ವಸತಿಶಾಲೆಗಳಲ್ಲಿಡುವುದು ಆತನಿಗೆ ಸಮ್ಮತವಾಗಿರಲಿಲ್ಲ. ಸಂಜೆಗೆ ಮಗುವು ಮನೆಗೆ ಬರಬೇಕು, ತಾಯಿಯೂ ಒಡಹುಟ್ಟಿದವರೂ ಅದರೊಡನೆ ಮಾತನಾಡಲು ಕಲಿಯಬೇಕು ಎಂಬುದು ಆತನ ಮತವು. 1885ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು ಕಿವುಡರ ಹಗಲುಶಾಲೆಗಳಿಗೆ ಹಣಸಹಾಯದ ಕಾನೂನನ್ನು ಮಾಡಿದುದರಲ್ಲಿ ಆತನ ಬೆಂಬಲವಿದ್ದಿತು.

1886ರಲ್ಲಿ ಆಲಬಾಮಾ ಸೀಮೆಯಿಂದ ಕೆಲರ್ ಎಂಬ ಗೃಹಸ್ಥನು, ಕಣ್ಣೂ ಕಿವಿಯೂ ಇಲ್ಲದ ಆರು ವರ್ಷದ ಮಗಳನ್ನು ಕರೆದುಕೊಂಡು ವಾಷಿಂಗ್ಟನ್ನಿಗೆ ಬಂದನು. ಬಾಲ್ಟಿಮೋರಿನ ಕಣ್ಣಿನ ವೈದ್ಯನೊಬ್ಬನು, ಕಣ್ಣಿಗೆ ತಾನೇನೂ ಮಾಡಲಾರೆನೆಂದು ತಿಳಿಸಿ, ಬೆಲ್ ಮಹಾಶಯನ ಬಳಿಗೆ ಹೋಗಿರೆಂದು ಕಳುಹಿಸಿದ್ದನು. ಆತನು ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ತನ್ನ ಗಡಿಯಾರವು ಬಡಿಯುವ ಮಿಡಿತವನ್ನು ಅದರ ಕೈಗೆ ತಿಳಿಯಗೊಟ್ಟನು. ಬಾಸ್ಟನ್ನಿನ ಪರ್ಕಿನ್ಸ್ ಅಂಧಶಾಲೆಯ ಮುಖ್ಯಸ್ಥನಾದ ಅನಾಗ್ನಾಸ್ ಎಂಬವನಿಗೆ ಬರೆಯಿರೆಂದು ತಂದೆಗೆ ಹೇಳಿದನು. ತಂದೆಯು ಬರೆದನು. 1887ನೆಯ ಮಾರ್ಚಿ 3ರಲ್ಲಿ ಆನ್ ಸಲಿವನ್ ಎಂಬ ತರುಣ ಉಪಾಧ್ಯಾಯಿನಿಯು ಆ ಮನೆಯನ್ನು ತಲಪಿದಳು. ಆ ಬಾಲಿಕೆಯೇ ಹೆಲನ್ ಕೆಲರ್. 1903ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯನ್ನು ಆಕೆ ಬೆಲ್ ಮಹಾಶಯನಿಗೇ ಅರ್ಪಿಸಿದಳು. ಇದರಲ್ಲಿ ಆತನು ಮಾಡಿದ್ದೇನು? ಪಾಠ ಹೇಳಲಿಲ್ಲ, ಔಷಧ ಕೊಡಲಿಲ್ಲ. ಯಾರಿಗೆ ಬರೆಯಬೇಕೆಂಬುದನ್ನು ತಿಳಿಸಿದನು, ಅಷ್ಟೇ. ಆ ಒಂದು ವಿಳಾಸವು ತಿಳಿಯದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ.

ಅದೇ 1887ರಲ್ಲಿ ಆತನು ವಾಷಿಂಗ್ಟನ್ನಿನಲ್ಲಿ ವೋಲ್ಟಾ ಬ್ಯೂರೋ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಟೆಲಿಫೋನಿಗಾಗಿ ಫ್ರಾನ್ಸ್ ದೇಶವು 1880ರಲ್ಲಿ 50,000 ಫ್ರಾಂಕುಗಳ ಬಹುಮಾನವನ್ನಿತ್ತಿತ್ತು. ಆ ಹಣದಿಂದ ಪ್ರಯೋಗಶಾಲೆ ನಡೆಯಿಸಿ, ಧ್ವನಿಮುದ್ರಣ ಯಂತ್ರವನ್ನು ಉತ್ತಮಪಡಿಸಿ, ಅದರ ಪೇಟೆಂಟುಗಳನ್ನು ಮಾರಿ ಬಂದ ತನ್ನ ಪಾಲನ್ನು ಈ ಕಾರ್ಯಕ್ಕೆ ಮೀಸಲಿಟ್ಟನು. ಕಿವುಡುತನವನ್ನು ಕುರಿತ ಪುಸ್ತಕಗಳನ್ನೂ ವಿವರಗಳನ್ನೂ ಒಂದೆಡೆ ಕೂಡಿಸಿ ಬೇಕಾದವರಿಗೆ ತಿಳಿಸುವುದೇ ಅದರ ಕೆಲಸವಾಗಿತ್ತು. 1893ರಲ್ಲಿ ಅದರ ಸ್ವಂತ ಕಟ್ಟಡಕ್ಕೆ ಮೊದಲ ಮಣ್ಣನ್ನು ಅಗೆದವಳು ಹದಿಮೂರು ವರ್ಷವೂ ತುಂಬದ ಹೆಲನ್.

ಇಷ್ಟಕ್ಕೆ ನಿಲ್ಲಿಸಿದರೆ ಚರಿತ್ರೆಯು ಸೊಗಸಾಗುವುದು, ಸತ್ಯವಾಗದು. 1883ರಲ್ಲಿ ಬೆಲ್ ಮಹಾಶಯನು ವಿದ್ವತ್ಸಭೆಯೊಂದರಲ್ಲಿ ಓದಿದ ಪ್ರಬಂಧವು ಕಿವುಡರಿಗೆ ಬಹಳ ನೋವನ್ನುಂಟುಮಾಡಿತು. ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಕಿವುಡರ ಜಾತಿಯೇ ಬೇರೆ ಬೆಳೆದೀತೆಂದು ಆತನು ಹೆದರಿದನು. ಮದುವೆಯನ್ನು ಕಾನೂನಿನಿಂದ ತಡೆಯುವುದು ಸರಿಯಲ್ಲವೆಂದು ಒಪ್ಪಿಕೊಂಡರೂ, ವಸತಿಶಾಲೆಗಳೂ, ಸನ್ನೆಯ ಭಾಷೆಯೂ, ಕಿವುಡರಾದ ಉಪಾಧ್ಯಾಯರೂ ಇರಬಾರದೆಂದು ವಾದಿಸಿದನು. ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗಿಂತಲೂ ಹೆಚ್ಚಿನವರು ಕಿವಿ ಕೇಳುವ ತಂದೆತಾಯಿಗಳಿಗೇ ಹುಟ್ಟುವವರೆಂದು ಈಗ ಚೆನ್ನಾಗಿ ತಿಳಿದಿದೆ. 1880ರಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಕೂಡಿದ ಉಪಾಧ್ಯಾಯರ ಮಹಾಸಭೆಯು ಬಾಯಿಮಾತೇ ಮೇಲೆಂದು ನಿರ್ಣಯಿಸಿದ್ದಿತು; ಬೆಲ್ ಮಹಾಶಯನ ಹೆಸರಿನ ಬಲವೂ ಅದೇ ಪಕ್ಷಕ್ಕೆ ದೊರಕಿತು. ಮುಂದೆ ಬಹುಕಾಲ ಅನೇಕ ದೇಶಗಳ ಶಾಲೆಗಳಲ್ಲಿ ಸನ್ನೆಯು ನಿಷಿದ್ಧವಾಯಿತು. ಕಿವುಡ ಉಪಾಧ್ಯಾಯರು ಕೆಲಸ ಕಳೆದುಕೊಂಡರು. ಕೈಯಾಡಿಸಿದ ಮಕ್ಕಳು ಪೆಟ್ಟು ತಿಂದರು. ಕಿವುಡರ ಶಿಕ್ಷಣವನ್ನು ಕುರಿತ ಅದೇ ಪರಂಪರೆಯ ಮಹಾಸಭೆಯು 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕೂಡಿದಾಗ ಮಿಲಾನಿನ ನಿರ್ಣಯಕ್ಕಾಗಿ ವಿಷಾದವನ್ನು ಸೂಚಿಸಿತು.

ತಾಯಿಗೆ ಬೆರಳಿನಿಂದ ಮಾತು ತಿಳಿಸಿದ ಮಗನೇ ಹೀಗೇಕಾದನು? ನಮಗೆ ತೋರುವುದಿಷ್ಟು. ಆತನ ಕಣ್ಣ ಮುಂದೆ ಸದಾ ಇದ್ದವಳು ಮೇಬಲ್. ಆಕೆ ತುಟಿಗಳನ್ನು ನೋಡಿಯೇ ಸಂಭಾಷಣೆ ನಡೆಸುವಳು. ಕಿವಿ ಕೇಳುವವರ ನಡುವೆ ಅವರಂತೆಯೇ ಬಾಳುವಳು. ಆದರೆ ಆಕೆ ಐದು ವರ್ಷ ಮಾತನ್ನು ಕೇಳಿ, ಆಡಿ, ಆಮೇಲೆ ಕಿವುಡಾದವಳು. ಭಾಷೆಯು ಆಕೆಯೊಳಗೆ ಆಗಲೇ ಬೇರುಬಿಟ್ಟಿತ್ತು. ಹುಟ್ಟಿದಂದಿನಿಂದ ಒಂದು ಶಬ್ದವನ್ನೂ ಕೇಳದ ಮಗುವಿಗೆ ಅದೇ ದಾರಿಯೊಂದನ್ನೇ ತೋರಿಸಿ ಬೇರೆಲ್ಲವನ್ನೂ ಮುಚ್ಚುವುದು ಬೇರೆಯ ವಿಷಯ. ಕಿವುಡರೇ ಕೂಡಿ ಸಭೆ ಸೇರಿಸಿ ಇದನ್ನು ಹೇಳುತ್ತಿದ್ದರು. ತಂದೆತಾಯಿಗಳ ಮಾತಿಗೆ ಅಷ್ಟು ತಾಳ್ಮೆಯಿಂದ ಕಿವಿಗೊಟ್ಟ ಉಪಾಧ್ಯಾಯನು ಇವರ ಮಾತಿಗೆ ಅಷ್ಟು ಕಿವಿಗೊಡಲಿಲ್ಲ. ನಾವೂ ಉಪಾಧ್ಯಾಯರಾಗಿರುವುದರಿಂದ ಇದನ್ನು ಬರೆಯುವಾಗ ಲೇಖನಿಯು ಸ್ವಲ್ಪ ತಡೆಯುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯ ಮಾತಿಗೆ ಬರುತ್ತೇವೆ. ವಿಚಾರಿಸಿ ತಿಳಿದ ಮೇಲೆ ಆಕೆಗೆ ಕಾಗದ ಬರೆದೆವು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಡೆಯುತ್ತಿದೆ. ಅಲ್ಲಿ ಮಗುವಿನ ಕಿವಿಯನ್ನು ಪರೀಕ್ಷಿಸಿ, ತಕ್ಕ ಶ್ರವಣಯಂತ್ರವನ್ನು ಸೂಚಿಸಿ, ಮಗುವಿನೊಡನೆ ತಾಯಿಗೂ ಶಿಕ್ಷಣ ಕೊಡುವರು. ಹುಟ್ಟಿದ ಕೆಲವೇ ದಿನಗಳಲ್ಲಿ ಶಿಶುವಿನ ಕಿವಿಯನ್ನು ಪರೀಕ್ಷಿಸುವ ಸಾಧನಗಳು ಈಗಿರುವುದರಿಂದ, ಕಾದು ನೋಡೆಂಬ ನೆರೆಯವರ ಮಾತಿಗೆ ಅವಕಾಶವೇ ಇಲ್ಲ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಗಾಗಿ ಕೇಂದ್ರ ಸರಕಾರದ ಸಂಸ್ಥೆಯೊಂದು ಸ್ಥಾಪಿತವಾಗಿದೆ. ಬಾಯಿಮಾತೋ ಸನ್ನೆಯೋ ಎಂದು ಒಂದನ್ನೇ ಹಿಡಿಯದೆ ಎರಡನ್ನೂ ವಿಚಾರಿಸೆಂದು, ಸಾಧ್ಯವಾದರೆ ದೊಡ್ಡವರಾದ ಕಿವುಡರೊಬ್ಬರನ್ನಾದರೂ ಕಂಡು ಮಾತನಾಡೆಂದು ಸೇರಿಸಿದೆವು. ಆಕೆ ಗಂಡನೊಡನೆ ಮೈಸೂರಿಗೆ ಹೋಗಿಬಂದಿದ್ದಾಳೆ. ಮಗುವಿನ ಅಜ್ಜಿಯೇ ಎಲ್ಲರಿಗಿಂತ ಮುಂಚೆ ಸನ್ನೆಗಳನ್ನು ಕಲಿತರೆಂದು ಬರೆದಿದ್ದಾಳೆ.

ಬೆಲ್ ಮಹಾಶಯನು ಕೊನೆಯ ವರ್ಷಗಳಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಸರೋವರದ ದಂಡೆಯ ಮೇಲಿನ ತನ್ನ ಮನೆಯಲ್ಲಿ ಹೆಚ್ಚು ಕಾಲ ಕಳೆಯುತ್ತಿದ್ದನು. 1922ನೆಯ ಆಗಸ್ಟ್ 2ರಂದು ಅಲ್ಲಿಯೇ ದೈವಾಧೀನನಾದನು. ಎರಡು ದಿನಗಳ ಮೇಲೆ ಅದೇ ಬೆಟ್ಟದ ಮೇಲೆ ಸಮಾಧಿ ಮಾಡುವಾಗ ಉತ್ತರ ಅಮೆರಿಕದ ಟೆಲಿಫೋನುಗಳೆಲ್ಲವೂ ಒಂದು ನಿಮಿಷ ನಿಂತುವು. ಮೇಬಲ್ ಐದು ತಿಂಗಳು ಮಾತ್ರ ಬದುಕಿದ್ದು, 1923ನೆಯ ಜನವರಿ 3ರಂದು ತೀರಿಕೊಂಡಳು. ಆಕೆಯ ಸಮಾಧಿಯೂ ಆತನ ಬಳಿಯಲ್ಲಿಯೇ ಇದೆ.