ಸಾಗರತಳದ ಛಾಯಾಗ್ರಾಹಕ ಲೂಯಿ ಬೂತಾನ್

ತಾವು ಕಂಡದ್ದನ್ನು ಬಣ್ಣಿಸಿ ಹೇಳುವವರು ಲೋಕದಲ್ಲಿ ಅನೇಕರು. ಅದನ್ನು ಇತರರ ಕಣ್ಣಿಗೂ ಕಾಣಿಸಬೇಕೆಂದು ಹೆಣಗಿದವರು ವಿರಳ. ಅಂತಹ ವಿರಳರಲ್ಲಿ ಒಬ್ಬನು ಫ್ರಾನ್ಸ್ ದೇಶದ ಪ್ರಾಣಿಶಾಸ್ತ್ರಜ್ಞ ಲೂಯಿ ಬೂತಾನ್. ಈತನು ಹುಟ್ಟಿದ್ದು 1859ರಲ್ಲಿ, ವರ್ಸೇಲ್ಸ್ ನಗರದಲ್ಲಿ. ಚಿಪ್ಪುಜೀವಿಗಳ ಅಧ್ಯಯನ ಇವನ ವೃತ್ತಿ. ಸ್ಪೇನಿನ ಗಡಿಗೆ ಸಮೀಪವಾಗಿ ಮೆಡಿಟರೇನಿಯನ್ ದಡದಲ್ಲಿರುವ ಬಾನ್ಯುಲ್ಸ್ ಊರಿನ ಅರಾಗೋ ಪ್ರಯೋಗಾಲಯ ಇವನ ಕರ್ಮಭೂಮಿ.

ಆ ಕಾಲದಲ್ಲಿ ಕಡಲಿಗೆ ಇಳಿಯುವುದೆಂದರೆ ತಾಮ್ರದ ಶಿರಸ್ತ್ರಾಣ, ಸೀಸದ ಭಾರದ ಪಾದರಕ್ಷೆ ಧರಿಸಿ, ದೋಣಿಯಿಂದ ಕೊಳವೆಯ ಮೂಲಕ ಬರುವ ಗಾಳಿಯನ್ನೇ ನಂಬಿ ತಳದಲ್ಲಿ ನಡೆಯುವುದಾಗಿತ್ತು. ಹಾಗೆ ಇಳಿದ ಬೂತಾನನಿಗೆ ಅಲ್ಲಿನ ವೈಭವವನ್ನು ಮಾತಿನಲ್ಲಿ ಹಿಡಿಯಲಾಗದೆಂಬುದು ಮನವರಿಕೆಯಾಯಿತು. ಇಂಗ್ಲೆಂಡಿನ ವಿಲಿಯಂ ಥಾಂಪ್ಸನ್ 1856ರಲ್ಲಿಯೇ ಕ್ಯಾಮರಾವೊಂದನ್ನು ದೋಣಿಯಿಂದ ನೀರಿಗೆ ಇಳಿಸಿದ್ದನು. ಆದರೆ ತಾನೇ ಮುಳುಗಿ, ತಳದಲ್ಲಿ ನಿಂತು ಚಿತ್ರ ತೆಗೆಯಬೇಕೆಂಬುದು ಬೂತಾನನ ಹಂಬಲ.

ಅದಕ್ಕೆ ಎಂತಹ ಸಲಕರಣೆ ಬೇಕು? 1893ರಲ್ಲಿ ಇಂಜಿನಿಯರನಾಗಿದ್ದ ಅವನ ಸಹೋದರ ಆಗಸ್ಟ್ ಸರಳವಾದ ಉತ್ತರವನ್ನು ಕೊಟ್ಟನು. ಸಣ್ಣ ಕ್ಯಾಮರಾ ಒಂದು. ಅದರ ಸುತ್ತ ನೀರು ನುಗ್ಗದ ತಾಮ್ರದ ಪೆಟ್ಟಿಗೆ. ನೋಟಕ್ಕೆ ಗಾಜಿನ ಕಿಟಕಿ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆಯಷ್ಟೆ. ಆದ್ದರಿಂದ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಚೀಲವನ್ನು ಜೋಡಿಸಿದರು. ಹೊರಗಿನ ನೀರು ಚೀಲವನ್ನು ಅದುಮಿದಂತೆಲ್ಲ ಗಾಳಿಯು ಒಳಗೆ ಸೇರಿ ಒತ್ತಡವನ್ನು ಸರಿದೂಗಿಸುತ್ತಿತ್ತು.

ಉಳಿದದ್ದು ಬೆಳಕಿನ ಸಮಸ್ಯೆ. ಮಂದವಾದ ಬೆಳಕಿನಲ್ಲಿ ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕಾಯಬೇಕಾಗುತ್ತಿತ್ತು. ಆಮ್ಲಜನಕ ತುಂಬಿದ ಗಾಜಿನ ಪಾತ್ರೆಯಲ್ಲಿ ಮೆಗ್ನೀಸಿಯಂ ಸುಟ್ಟರೆ ಗಾಜು ಸಿಡಿಯುತ್ತಿತ್ತು. ಬಳಿಕ 200 ಲೀಟರಿನ ಪೀಪಾಯಿಯಲ್ಲಿ ಆಮ್ಲಜನಕ ತುಂಬಿ, ಅದರ ಮೇಲಿನ ಸ್ಪಿರಿಟ್ ದೀಪಕ್ಕೆ ಮೆಗ್ನೀಸಿಯಂ ಪುಡಿಯನ್ನು ಊದುವ ಉಪಾಯ ಹೂಡಿದರು. ಪೆಟ್ಟಿಗೆಯೊಳಕ್ಕೆ ನೀರನ್ನೇ ಬಿಡುವ ಎರಡನೆಯ ಕ್ಯಾಮರಾವನ್ನೂ ಮಾಡಿಸಿದರು, ಫಲ ತೃಪ್ತಿಕರವಾಗಲಿಲ್ಲ. ಮೂರನೆಯದು ಒಬ್ಬನ ಕೈಗೆ ಎತ್ತಲಾಗದಷ್ಟು ಭಾರ. ನೀರಿನಲ್ಲಿ ಅದನ್ನು ಹಗುರ ಮಾಡಲು ಬರಿದಾದ ಪೀಪಾಯಿಯನ್ನು ಕಟ್ಟಬೇಕಾಯಿತು. ಆದರೆ 1899ರಲ್ಲಿ ವಿದ್ಯುದ್ದೀಪಗಳ ನೆರವಿನಿಂದ 50 ಮೀಟರ್ ಆಳದಲ್ಲಿ ಚಿತ್ರ ದೊರೆತದ್ದು ಈ ದೈತ್ಯನಿಂದಲೇ. ಮರುವರ್ಷ ಬೂತಾನನು ತನ್ನ ಅನುಭವವನ್ನೆಲ್ಲ ಗ್ರಂಥವಾಗಿ ಪ್ರಕಟಿಸಿದನು. 1934ರಲ್ಲಿ ಕಾಲವಾದನು.

ಮೂರು ಯಂತ್ರಗಳಲ್ಲಿ ಶ್ರೇಷ್ಠ ಯಾವುದು? ಆಳಕ್ಕೆ ದೊಡ್ಡದೇ ಬೇಕಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೂ ನನ್ನ ಮನಸ್ಸು ಒಲಿಯುವುದು ಮೊದಲನೆಯ ಪೆಟ್ಟಿಗೆಗೇ. ನೀರು ಒಳಗೆ ಬಾರದಿರಬೇಕು, ಒತ್ತಡ ತಡೆಯಬೇಕು, ಬೆಳಕು ಸಾಲಬೇಕು, ಮುಳುಗಿದವನ ಕೈಗೆ ಒಗ್ಗಬೇಕು ಎಂಬ ನಾಲ್ಕು ಪ್ರಶ್ನೆಗಳೂ ಅದರಲ್ಲಿಯೇ ಹುಟ್ಟಿದ್ದವು. ಇಂದು ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಅಂಗೈಯಗಲದ ಕ್ಯಾಮರಾ ಹಿಡಿದು ಮುಳುಗುವವರೂ ಇವನ್ನೇ ಕೇಳಿಕೊಳ್ಳಬೇಕು. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ವಸ್ತುಗಳನ್ನು ಇರುವುದಕ್ಕಿಂತ ಹತ್ತಿರವಾಗಿ ತೋರಿಸುತ್ತದೆ. ಆದುದರಿಂದ ಸಣ್ಣ ಕ್ಯಾಮರಾ, ಸಣ್ಣ ದೀಪ, ಮೀನಿಗೆ ಸಾಧ್ಯವಾದಷ್ಟು ಸಮೀಪ ಹೋಗುವ ತಾಳ್ಮೆ, ಇಷ್ಟಿದ್ದರೆ ಹೊಸಬನಿಗೆ ಸಾಕು.

ಇನ್ನೊಂದು ಮಾತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅದಕ್ಕೋ ಏನೋ, ಈ ಚರಿತ್ರೆಯನ್ನು ಓದುವಾಗ ನನ್ನ ಗಮನ ಪದೇ ಪದೇ ದೋಣಿಯಲ್ಲಿದ್ದವರ ಕಡೆಗೆ ಹರಿಯಿತು. ಗ್ರಂಥದ ಮೇಲಿರುವುದು ಬೂತಾನನ ಹೆಸರು. ಅವನು ತಳದಲ್ಲಿ ನಿಂತಿದ್ದಷ್ಟು ಹೊತ್ತೂ ಮೇಲೆ ಯಾರೋ ಗಾಳಿಯ ಪಂಪನ್ನು ನಡೆಸುತ್ತಲೇ ಇದ್ದರು. ಅವರು ಕೈಬಿಟ್ಟಿದ್ದರೆ ಚಿತ್ರವೂ ಇಲ್ಲ, ಪ್ರಾಣವೂ ಇಲ್ಲ. ವಿದ್ಯೆಯ ಆಳಕ್ಕೆ ಇಳಿಯುತ್ತಿರುವ ನಾವೂ ನಮಗೆ ಉಸಿರು ಕಳಿಸುತ್ತಿರುವ ಕೈಗಳನ್ನು ಮರೆಯದಿರೋಣ.