ಕಿಡಿ ಹಾರದ ಕರೆಂಟು

ನಿಕೋಲಾ ಟೆಸ್ಲಾ ಹುಟ್ಟಿದ್ದು 1856ರಲ್ಲಿ, ಈಗಿನ ಕ್ರೊಯೇಷಿಯಾದಲ್ಲಿ. ಗ್ರಾಝ್‌ನಲ್ಲಿ ಇಂಜಿನಿಯರಿಂಗ್ ಸೆಕೆಂಡ್ ಇಯರ್‌ನಲ್ಲಿದ್ದಾಗ (ನಮ್ಮ ಹಾಗೇ!) ಕ್ಲಾಸಿಗೆ ಒಂದು ಡೈನಮೋ ಬಂತು. ಅದನ್ನೇ ಮೋಟಾರಾಗಿ ಓಡಿಸಿದರೆ ಕಮ್ಯುಟೇಟರಿನ ಬ್ರಷ್‌ನಲ್ಲಿ ಒಂದೇ ಸಮನೆ ಕಿಡಿ. ಕಮ್ಯುಟೇಟರೇ ಇಲ್ಲದೆ ಮಾಡಬಹುದಲ್ಲ ಅಂದ. ಆಗದ ಮಾತು ಅಂತ ಮೇಷ್ಟ್ರು ಇಡೀ ಕ್ಲಾಸಿಗೆ ವಿವರಿಸಿದರು.

ಆ ಕಾಟ ನಮಗೂ ಗೊತ್ತು. ಹುಂಚದ ನಮ್ಮ ಹಳೇ ಜೀಪಿನ ಡೈನಮೋದಲ್ಲಿ ಪೂರ್ತಿ ಕರೆಂಟು ಬ್ರಷ್ ಮೂಲಕವೇ ಬರಬೇಕಿತ್ತು. ಮಳೆಗಾಲದ ರಾತ್ರಿ ವೈಪರ್ ಹಾಕಿ ನಿಧಾನ ಹೋದರೆ ಹೆಡ್‌ಲೈಟ್ ಮಂಕು. ಆಲ್ಟರ್ನೇಟರ್ ಹಾಕಿಸಿದ ಮೇಲೆ ಸರಿಹೋಯ್ತು. ಅದರಲ್ಲಿ ತಿರುಗೋದು ವಿದ್ಯುತ್ಕಾಂತ, ಕರೆಂಟು ಹುಟ್ಟೋ ಸುರುಳಿಗಳು ನಿಂತಲ್ಲೇ ಇರ್ತವೆ. ಹಾಗಾಗಿ ಜೋರಾಗಿ ತಿರುಗಿಸಬಹುದು, ಐಡಲ್‌ನಲ್ಲೂ ಚಾರ್ಜ್ ಆಗುತ್ತೆ.

ಟೆಸ್ಲಾ ಡಿಗ್ರಿ ಮುಗಿಸಲಿಲ್ಲ. 1882ರಲ್ಲಿ ಬುಡಾಪೆಸ್ಟಿನ ಪಾರ್ಕಿನಲ್ಲಿ ನಡೆಯುವಾಗ ತಿರುಗುವ ಕಾಂತಕ್ಷೇತ್ರದ ಉಪಾಯ ಹೊಳೆಯಿತು. 1884ಕ್ಕೆ ಅಮೆರಿಕ, ಎಡಿಸನ್ ಕಂಪನಿಯಲ್ಲಿ ಕೆಲವೇ ತಿಂಗಳು, 1888ರಲ್ಲಿ ಎಸಿ ಮೋಟಾರಿನ ಪೇಟೆಂಟು. (ಎಸಿ ಜನರೇಟರ್ ಅವನಿಗಿಂತ ಮೊದಲೇ ಇತ್ತು, ಎಲ್ಲಾ ಅವನದೇ ಅನ್ನೋದು ಅತಿ.) 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಹೋಗಿದ್ದೂ ಎಸಿಯೇ.

1943ರಲ್ಲಿ ನ್ಯೂಯಾರ್ಕಿನ ಹೋಟೆಲ್ ರೂಮಿನಲ್ಲಿ ಒಬ್ಬನೇ ತೀರಿಕೊಂಡ, ಸಾಲ ಬಾಕಿ ಇತ್ತು. ಆಗ ಕಾರುಗಳಲ್ಲಿ ಇನ್ನೂ ಡೈನಮೋನೇ. ಎಸಿಯನ್ನು ಡಿಸಿ ಮಾಡೋ ಅಗ್ಗದ ಸಿಲಿಕಾನ್ ಡಯೋಡ್ ಬಂದು, ಆಲ್ಟರ್ನೇಟರ್ ಮಾಮೂಲಾಗಿದ್ದು 1960ರ ನಂತರ.